ಲಿಂಕ್, ಒಟಿಪಿ, ಪರ್ಮಿಷನ್: ಅರ್ಥ ತಿಳಿದು ಒತ್ತೋಣ

ಮದೀನಾದ ಮಸ್ಜಿದುನ್ನಬವಿಯಲ್ಲಿ ರೌಝಾ ಶರೀಫ್‌ಗೆ ಪ್ರವೇಶಿಸಬೇಕಾದರೆ ಇಂದು ಸೌದಿ ಸರಕಾರದ ನುಸುಕ್ ಆ್ಯಪ್‌ನಲ್ಲಿ ಮೊದಲೇ ಸಮಯ ಕಾದಿರಿಸಿ, ಅನುಮತಿ ಪತ್ರವನ್ನು ಮೊಬೈಲಿನಲ್ಲಿ ತೋರಿಸಬೇಕು. ಹಜ್ ಅರ್ಜಿ ಆನ್‌ಲೈನ್. ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ಆನ್‌ಲೈನ್. 2025ರ ಜೂನ್‌ನಲ್ಲಿ ಕೇಂದ್ರ ಸರಕಾರವು ಉಮೀದ್ ಪೋರ್ಟಲನ್ನು ಆರಂಭಿಸಿದ ಬಳಿಕ ಮಸೀದಿ, ದರ್ಗಾ, ಖಬರಸ್ಥಾನಗಳ ವಕ್ಫ್ ದಾಖಲೆಗಳನ್ನೂ ಕಂಪ್ಯೂಟರಿಗೆ ಏರಿಸಬೇಕಾಗಿ ಬಂತು. ಅಲ್ಲಿಯವರೆಗೆ ರಶೀದಿ ಪುಸ್ತಕ ಮತ್ತು ಹಳೆಯ ಫೈಲುಗಳಲ್ಲೇ ಲೆಕ್ಕ ಇಟ್ಟುಕೊಂಡು ಬಂದಿದ್ದ ಜಮಾಅತ್ ಕಮಿಟಿಗಳು ಲಾಗಿನ್, ಅಪ್‌ಲೋಡ್, ಪಿಡಿಎಫ್ ಎಂಬ ಪದಗಳನ್ನು ಅವಸರದಲ್ಲಿ ಕಲಿಯಬೇಕಾಯಿತು.

ಕಲಿಯಲು ಸಮಯವಿಲ್ಲದವರು ಬೇರೆಯವರ ಕೈಗೆ ಮೊಬೈಲ್ ಕೊಡುತ್ತಾರೆ. ನಮ್ಮ ಮನೆಗಳಲ್ಲಿ ಹಿರಿಯರು, ಅದರಲ್ಲೂ ಉಮ್ಮಂದಿರು ಮಾಡುವುದು ಹೀಗೆಯೇ. "ನನಗೆ ಇದೆಲ್ಲ ಗೊತ್ತಾಗುವುದಿಲ್ಲ ಮಗಾ, ನೀನೇ ನೋಡು" ಎಂದು ಸೈಬರ್ ಸೆಂಟರಿನ ಹುಡುಗನಿಗೋ, ನೆರೆಮನೆಯವನಿಗೋ, ಕೆಲವೊಮ್ಮೆ ಫೋನಿನಲ್ಲಿ ಮಾತನಾಡುವ ಮುಖವೇ ಕಾಣದ ವ್ಯಕ್ತಿಗೋ ಎಲ್ಲವನ್ನೂ ಒಪ್ಪಿಸಿಬಿಡುತ್ತಾರೆ. ಕಪಾಟಿನ ಕೀಲಿಯನ್ನು ಸ್ವಂತ ಸೊಸೆಗೆ ಕೊಡಲೂ ಎರಡು ಸಲ ಯೋಚಿಸುವವರು ಒಟಿಪಿಯನ್ನು ಅಪರಿಚಿತನಿಗೆ ಓದಿ ಹೇಳುತ್ತಾರೆ. ಅವರು ದಡ್ಡರೆಂದಲ್ಲ. ಅದು ಕೀಲಿ ಎಂಬುದು ಅವರಿಗೆ ಯಾರೂ ಹೇಳಿಲ್ಲ.

ಆದ್ದರಿಂದ ಈ ಲೇಖನದಲ್ಲಿ ಕಂಪ್ಯೂಟರ್ ಮತ್ತು ಇಂಟರ್ನೆಟ್‌ನ ಕೆಲವು ಪದಗಳ ಅರ್ಥವನ್ನು ವಿವರಿಸಲಾಗಿದೆ. ಎಲ್ಲ ಪದಗಳನ್ನಲ್ಲ. ಯಾವ ಪದ ತಿಳಿಯದಿದ್ದರೆ ನಮ್ಮ ಹಣವೋ ಮಾನವೋ ಇನ್ನೊಬ್ಬರ ಜೀವವೋ ಅಪಾಯಕ್ಕೆ ಸಿಲುಕುತ್ತದೆಯೋ ಅಂತಹವುಗಳಿಗೆ ಹೆಚ್ಚು ಜಾಗ ಕೊಡಲಾಗಿದೆ. ಓದು ಬಾರದ ಹಿರಿಯರಿದ್ದರೆ ಮನೆಯ ಮಕ್ಕಳು ಇದನ್ನು ಅವರಿಗೆ ಓದಿ ಹೇಳಬೇಕೆಂದು ವಿನಂತಿ.

ಇಂಟರ್ನೆಟ್ ಎಲ್ಲಿದೆ?

ಮೊಬೈಲು ಕೂಡಾ ಒಂದು ಕಂಪ್ಯೂಟರೇ. ಕೈಯಲ್ಲಿ ಮುಟ್ಟಬಹುದಾದ ಭಾಗ ಹಾರ್ಡ್‌ವೇರ್. ಅದಕ್ಕೆ ಏನು ಮಾಡಬೇಕೆಂದು ಹೇಳುವ ಸೂಚನೆಗಳ ಸಮೂಹ ಸಾಫ್ಟ್‌ವೇರ್. ಒಂದು ನಿರ್ದಿಷ್ಟ ಕೆಲಸಕ್ಕಾಗಿ ತಯಾರಿಸಿದ ಸಾಫ್ಟ್‌ವೇರನ್ನು ಆ್ಯಪ್ ಎನ್ನುತ್ತೇವೆ. ಇನ್ನು ಕೆಬಿ, ಎಂಬಿ, ಜಿಬಿ ಎನ್ನುವುದು ಗ್ರಾಮ್, ಕಿಲೋ, ಕ್ವಿಂಟಾಲ್ ಇದ್ದ ಹಾಗೆ, ಮಾಹಿತಿಯ ತೂಕ. ಸುಮಾರು ಸಾವಿರ ಕೆಬಿ ಸೇರಿದರೆ ಒಂದು ಎಂಬಿ, ಸುಮಾರು ಸಾವಿರ ಎಂಬಿ ಸೇರಿದರೆ ಒಂದು ಜಿಬಿ. ಅರ್ಜಿಯಲ್ಲಿ ಫೋಟೋ ಇಷ್ಟು ಕೆಬಿಗಿಂತ ಕಡಿಮೆ ಇರಬೇಕು ಎಂದಿದ್ದರೆ, ಮೊಬೈಲಿನಲ್ಲಿ ತೆಗೆದ ಎರಡು ಮೂರು ಎಂಬಿಯ ಫೋಟೋ ಅದಕ್ಕೆ ಏರುವುದಿಲ್ಲ, ಅದನ್ನು ಸಣ್ಣದು ಮಾಡಬೇಕು. ಅರ್ಜಿ ತಿರಸ್ಕೃತವಾಯಿತೆಂದು ಗಾಬರಿಗೊಳ್ಳುವ ಅನೇಕರ ಸಮಸ್ಯೆ ಇಷ್ಟೇ ಆಗಿರುತ್ತದೆ.

ಇಂಟರ್ನೆಟ್ ಎಂದರೆ ಜಗತ್ತಿನಾದ್ಯಂತ ಪರಸ್ಪರ ಜೋಡಿಸಲ್ಪಟ್ಟ ಕಂಪ್ಯೂಟರುಗಳ ಜಾಲ. ಭಾರತದಲ್ಲಿ ಜನಸಾಮಾನ್ಯರಿಗೆ ಅದು ದೊರೆತದ್ದು 1995ರ ಆಗಸ್ಟ್ 15ರಂದು, ಆಗಿನ ಸರಕಾರಿ ಸಂಸ್ಥೆ ವಿಎಸ್‌ಎನ್‌ಎಲ್ ಮೂಲಕ. ಅದು ಆಕಾಶದಲ್ಲಿ ಹಾರುತ್ತದೆ ಎಂಬ ಭಾವನೆ ಹಲವರಲ್ಲಿದೆ. ಮೊಬೈಲಿನಿಂದ ಟವರಿನವರೆಗೆ ಮಾತ್ರ ಅದು ಗಾಳಿಯಲ್ಲಿ ಹೋಗುತ್ತದೆ. ಅಲ್ಲಿಂದ ಮುಂದೆ ಬಹುತೇಕ ನೆಲದಡಿಯ ತಂತಿಗಳಲ್ಲಿ, ಬಳಿಕ ಸಮುದ್ರದ ತಳದಲ್ಲಿ ಹಾಸಿರುವ ಕೇಬಲುಗಳಲ್ಲಿ. ದಮ್ಮಾಮಿನಲ್ಲೋ ದುಬೈಯಲ್ಲೋ ಇರುವ ಮಗನ ಮುಖ ವೀಡಿಯೋ ಕರೆಯಲ್ಲಿ ಕಾಣುತ್ತಿರುವುದು ಅರಬ್ಬೀ ಸಮುದ್ರದಡಿಯ ಗಾಜಿನ ಎಳೆಗಳಿಂದಾಗಿ. 2025ರ ಸೆಪ್ಟೆಂಬರ್‌ನಲ್ಲಿ ಜಿದ್ದಾ ಸಮೀಪ ಕೆಂಪು ಸಮುದ್ರದಲ್ಲಿ ಕೇಬಲುಗಳು ತುಂಡಾದಾಗ ಭಾರತ, ಪಾಕಿಸ್ತಾನ, ಯುಎಇಗಳಲ್ಲಿ ಇಂಟರ್ನೆಟ್ ನಿಧಾನವಾಗಿತ್ತು.

ಸರ್ವರ್ ಎಂದರೆ ಇತರರು ಕೇಳಿದ ಮಾಹಿತಿಯನ್ನು ಕೊಡಲು ಹಗಲಿರುಳು ಚಾಲೂ ಇರುವ ದೊಡ್ಡ ಕಂಪ್ಯೂಟರ್. "ಸರ್ವರ್ ಡೌನ್" ಎಂದರೆ ಆ ಕಂಪ್ಯೂಟರ್ ಉತ್ತರಿಸುತ್ತಿಲ್ಲ ಎಂದರ್ಥ, ನಿಮ್ಮ ಮೊಬೈಲು ಹಾಳಾಗಿದೆ ಎಂದಲ್ಲ. ಕ್ಲೌಡ್ ಎಂಬ ಪದಕ್ಕೆ ಮೋಡ ಎಂದರ್ಥವಿದ್ದರೂ ಅದು ಮೋಡವಲ್ಲ, ಯಾವುದೋ ಕಂಪೆನಿಯ ಸರ್ವರಿನಲ್ಲಿ ನಮಗೆ ಕೊಟ್ಟಿರುವ ಒಂದು ಕಪಾಟು. ಗೂಗಲ್ ಖಾತೆ ಇರುವ ಪ್ರತಿಯೊಬ್ಬರಿಗೂ ಅಂತಹ 15 ಜಿಬಿ ಜಾಗ ಉಚಿತವಾಗಿ ಸಿಗುತ್ತದೆ. ಬ್ಯಾಕಪ್ ಚಾಲೂ ಇದ್ದರೆ ಮೊಬೈಲಿನಲ್ಲಿ ತೆಗೆದ ಫೋಟೋ ತಾನಾಗಿಯೇ ಅಲ್ಲಿಗೆ ಹೋಗಿ ಕುಳಿತಿರುತ್ತದೆ. ಇದರಿಂದ ಒಳಿತಿದೆ, ಮೊಬೈಲ್ ಕಳೆದುಹೋದರೂ ಫೋಟೋ ಉಳಿಯುತ್ತದೆ. ಆದರೆ ಹಳೆಯ ಮೊಬೈಲನ್ನು ಮಾರುವಾಗ ಖಾತೆಯಿಂದ ಹೊರಬರದೆ, ಅಂದರೆ ಲಾಗ್ ಔಟ್ ಮಾಡದೆ ಕೊಟ್ಟರೆ, ಮನೆಯ ಹೆಣ್ಣುಮಕ್ಕಳ ಫೋಟೋಗಳಿರುವ ಕಪಾಟನ್ನು ತೆರೆದಿಟ್ಟು ಕೊಟ್ಟಂತೆ. ಮಾರುವ ಮುಂಚೆ ಖಾತೆಗಳನ್ನು ತೆಗೆದು, ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಲೇಬೇಕು.

ವಿಳಾಸವನ್ನು ಬಲದಿಂದ ಓದಿ

ಇಂಟರ್ನೆಟ್ ಮತ್ತು ವೆಬ್ ಒಂದೇ ಅಲ್ಲ. ಇಂಟರ್ನೆಟ್ ರಸ್ತೆಯಾದರೆ, ವೆಬ್ ಆ ರಸ್ತೆಯಲ್ಲಿರುವ ಮನೆ ಮತ್ತು ಅಂಗಡಿಗಳು. 1989ರಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್ ಲೀ ಎಂಬ ವಿಜ್ಞಾನಿ ಇದರ ಯೋಜನೆ ಮುಂದಿಟ್ಟರು. ಆ ಮನೆಗಳಿಗೆ ವೆಬ್‌ಸೈಟ್ ಎಂದು ಹೆಸರು. ಅಲ್ಲಿಗೆ ನಮ್ಮನ್ನು ಕರೆದೊಯ್ಯುವ ವಾಹನ ಬ್ರೌಸರ್. ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಇವೆಲ್ಲ ಬ್ರೌಸರುಗಳು. ಗೂಗಲ್ ಸರ್ಚ್ ದಾರಿ ಹೇಳುವವನು, ಅಷ್ಟೇ. ಅವನು ಹೇಳಿದ ಮನೆಯೆಲ್ಲ ಒಳ್ಳೆಯವರ ಮನೆಯೆಂದು ಅರ್ಥವಲ್ಲ. ಹುಡುಕಾಟದ ಮೇಲ್ಭಾಗದಲ್ಲಿ ಸ್ಪಾನ್ಸರ್ಡ್ ಎಂದು ಬರೆದಿದ್ದರೆ ಅದು ಹಣ ಕೊಟ್ಟು ಹಾಕಿಸಿದ ಜಾಹೀರಾತು. ಬ್ಯಾಂಕಿನ ಕಸ್ಟಮರ್ ಕೇರ್ ನಂಬರನ್ನು ಗೂಗಲಿನಲ್ಲಿ ಹುಡುಕಿ ವಂಚಕರಿಗೇ ಫೋನ್ ಮಾಡಿದವರಿದ್ದಾರೆ. ಆ ನಂಬರು ನಿಮ್ಮ ಎಟಿಎಂ ಕಾರ್ಡಿನ ಹಿಂಬದಿಯಲ್ಲಿ ಅಥವಾ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುತ್ತದೆ, ಅಲ್ಲಿಂದ ತೆಗೆದುಕೊಳ್ಳಿ.

ಇನ್ನು ವಿಳಾಸ. ಅಂತರ್ಜಾಲದಲ್ಲಿ ಪ್ರತಿ ಕಂಪ್ಯೂಟರಿಗೆ ಐಪಿ ಎಂಬ ಅಂಕೆಗಳ ವಿಳಾಸವಿರುತ್ತದೆ. ಅದನ್ನು ನೆನಪಿಡುವುದು ಕಷ್ಟವಾದ್ದರಿಂದ ಹೆಸರಿನ ವಿಳಾಸವನ್ನು ಬಳಸುತ್ತೇವೆ. ಇದಕ್ಕೆ ಡೊಮೈನ್ ಎನ್ನುತ್ತಾರೆ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವವರು ಇದನ್ನು ನೆನಪಿಡಲಿ: ಡೊಮೈನನ್ನು ಅರಬಿಯಂತೆ ಬಲದಿಂದ ಎಡಕ್ಕೆ ಓದಬೇಕು.

ಕರ್ನಾಟಕ ಸರಕಾರದ ಸೇವಾ ಸಿಂಧು ವಿಳಾಸ ನೋಡಿ. ಸೇವಾಸಿಂಧು ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್. ಬಲತುದಿಯಲ್ಲಿರುವ 'ಇನ್' ಎಂದರೆ ಇಂಡಿಯಾ. ಅದರ ಎಡಕ್ಕಿರುವ 'ಜಿಒವಿ' ಎಂದರೆ ಸರಕಾರ. ಅದರ ಎಡಕ್ಕೆ ಕರ್ನಾಟಕ. ಕೊನೆಗೆ ಎಡತುದಿಯಲ್ಲಿ ಸೇವಾ ಸಿಂಧು ಎಂಬ ಕೌಂಟರು. ಅಂಚೆ ಲಕೋಟೆಯಲ್ಲೂ ಹೆಸರು ಮೊದಲು, ಊರು ಮತ್ತು ಪಿನ್ ಕೋಡ್ ಕೊನೆಗೆ ಬರುತ್ತದೆ. ಅಂಚೆಯವರು ಪತ್ರವನ್ನು ವಿಂಗಡಿಸುವುದು ಕೊನೆಯಿಂದ. ಭಾರತದ ಹಜ್ ಕಮಿಟಿಯ ವಿಳಾಸವೂ ಹೀಗೆಯೇ ಹಜ್‌ಕಮಿಟಿ ಡಾಟ್ ಜಿಒವಿ ಡಾಟ್ ಇನ್ ಎಂದಿದೆ. ಜಿಒವಿ ಡಾಟ್ ಇನ್ ಎಂಬ ತುದಿಯನ್ನು ಸರಕಾರಿ ಸಂಸ್ಥೆಗಳಿಗೆ ಮಾತ್ರ ಕೊಡಲಾಗುತ್ತದೆ. ಸೌದಿ ಸರಕಾರದ ತಾಣಗಳಿಗೆ ಜಿಒವಿ ಡಾಟ್ ಎಸ್‌ಎ ಎಂಬ ತುದಿ. 'ಕಾಮ್' ಎಂಬ ತುದಿಯನ್ನಾದರೋ ಹಣ ಕೊಟ್ಟ ಯಾರು ಬೇಕಾದರೂ ಪಡೆಯಬಹುದು.

ಈಗ ವಂಚಕನ ಉಪಾಯ ನೋಡಿ. ಹಜ್‌ಕಮಿಟಿ ಡಾಟ್ ಜಿಒವಿ ಡಾಟ್ ಇನ್ ಡಾಟ್ ಅರ್ಜಿಫಾರ್ಮ್ ಡಾಟ್ ಕಾಮ್ ಎಂಬ ವಿಳಾಸವೊಂದನ್ನು ಊಹಿಸಿಕೊಳ್ಳಿ. ಎಡದಿಂದ ಓದುವವನಿಗೆ ಮೊದಲು ಹಜ್ ಕಮಿಟಿ ಕಾಣುತ್ತದೆ, ಸರಕಾರ ಕಾಣುತ್ತದೆ, ಇಂಡಿಯಾ ಕಾಣುತ್ತದೆ, ನಂಬಿಕೆ ಬರುತ್ತದೆ. ಬಲದಿಂದ ಓದಿದವನಿಗೆ ಮೊದಲು ಕಾಣುವುದು 'ಕಾಮ್', ನಂತರ 'ಅರ್ಜಿಫಾರ್ಮ್'. ಅಂದರೆ ಇದು ಅರ್ಜಿಫಾರ್ಮ್ ಎಂಬ ಯಾರದೋ ಖಾಸಗಿ ಮನೆ. ಹಜ್ ಕಮಿಟಿ ಎಂಬುದು ಆ ಮನೆಯ ಒಂದು ಕೋಣೆಗೆ ಅವನೇ ಅಂಟಿಸಿದ ಬೋರ್ಡು. ವಿಳಾಸ ಉದ್ದವಾಗಿದ್ದರೆ ಎಲ್ಲಿಂದ ಬಲಗಡೆ ಎಂದು ಗೊಂದಲವಾಗಬಹುದು. ಆರಂಭದ ಎಚ್‌ಟಿಟಿಪಿಎಸ್ ಎಂಬ ಅಕ್ಷರಗಳ ಜೊತೆ ಬರುವ ಎರಡು ಓರೆಗೆರೆಗಳನ್ನು ಬಿಟ್ಟುಬಿಡಿ. ಆ ಬಳಿಕ ಬರುವ ಮೊದಲ ಓರೆಗೆರೆಯ ಹತ್ತಿರ ನಿಲ್ಲಿ. ಅಲ್ಲಿಂದ ಎಡಕ್ಕೆ ಓದಿ. ಆ ಗೆರೆಯ ನಂತರ ಏನು ಬರೆದಿದ್ದರೂ ಅದು ಮನೆಯ ಒಳಗಿನ ವಿಷಯ.

ರಿಸರ್ವ್ ಬ್ಯಾಂಕ್ ಈ ಕಾರಣಕ್ಕಾಗಿಯೇ ಬ್ಯಾಂಕುಗಳಿಗೆ ಮಾತ್ರ ಮೀಸಲಾದ ಬ್ಯಾಂಕ್ ಡಾಟ್ ಇನ್ ಎಂಬ ತುದಿಯನ್ನು ತಂದಿತು. 2025ರ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗುವಂತೆ ಬ್ಯಾಂಕುಗಳಿಗೆ ಸೂಚಿಸಿತ್ತು. ನಿಮ್ಮ ಬ್ಯಾಂಕಿನ ವಿಳಾಸ ಬದಲಾಗಿರುವುದನ್ನು ಕಂಡು ಹೆದರಬೇಕಾಗಿಲ್ಲ, ತುದಿಯನ್ನು ಓದಿ.

ವಿಳಾಸದ ಪಕ್ಕ ಬೀಗದ ಚಿತ್ರ ಅಥವಾ ಎಚ್‌ಟಿಟಿಪಿಎಸ್ ಇದ್ದರೆ ಸುರಕ್ಷಿತ ಎಂದು ಹಿಂದೆ ಹೇಳಿಕೊಡಲಾಗುತ್ತಿತ್ತು. ಅದರ ಅರ್ಥ ದಾರಿಯಲ್ಲಿ ಯಾರೂ ಕದ್ದು ಓದಲಾರರು ಎಂದಷ್ಟೇ. ಮುಚ್ಚಿದ ಲಕೋಟೆಯಲ್ಲಿ ಕಳ್ಳನಿಗೇ ಪತ್ರ ಬರೆದರೆ ಅದು ಕಳ್ಳನಿಗೆ ಸುರಕ್ಷಿತವಾಗಿಯೇ ತಲಪುತ್ತದೆ. ಕ್ರೋಮ್ ಬ್ರೌಸರ್ 2023ರಲ್ಲಿ ಆ ಬೀಗದ ಚಿತ್ರವನ್ನೇ ತೆಗೆದುಹಾಕಿತು.

ಲಿಂಕ್ ಎಂದರೆ ಒತ್ತಿದ ಕೂಡಲೇ ಇನ್ನೊಂದು ವಿಳಾಸಕ್ಕೆ ಒಯ್ಯುವ ಬಾಗಿಲು. ಕ್ಯೂಆರ್ ಕೋಡ್ ಕೂಡಾ ಚಿತ್ರದ ರೂಪದಲ್ಲಿ ಬರೆದ ವಿಳಾಸ ಅಥವಾ ಖಾತೆಯ ಗುರುತು. ಮಸೀದಿಯ ಹುಂಡಿಯ ಮೇಲೆ ಕ್ಯೂಆರ್ ಅಂಟಿಸಿರುವ ಕಮಿಟಿಗಳು ವಾರಕ್ಕೊಮ್ಮೆಯಾದರೂ ಒಂದು ರೂಪಾಯಿ ಕಳುಹಿಸಿ ಖಾತೆಯ ಹೆಸರು ಸರಿಯಿದೆಯೇ ಎಂದು ನೋಡುವುದು ಒಳ್ಳೆಯದು. ಒಂದು ಸ್ಟಿಕರಿನ ಮೇಲೆ ಇನ್ನೊಂದು ಸ್ಟಿಕರ್ ಅಂಟಿಸುವುದಕ್ಕೆ ಹೆಚ್ಚು ಹೊತ್ತು ಬೇಡ. ದಾನ ಮಾಡುವವರೂ ಹಣ ಕಳುಹಿಸುವ ಮುನ್ನ ಪರದೆಯಲ್ಲಿ ಬರುವ ಹೆಸರನ್ನು ಓದಲಿ.

ಕೀಲಿಗಳು

ಪಾಸ್‌ವರ್ಡ್ ಎಂದರೆ ಮನೆಯ ಖಾಯಂ ಕೀಲಿ. ಮಗಳ ಹೆಸರು, ಜನ್ಮ ವರ್ಷ, 786 ಇವೆಲ್ಲ ಊಹಿಸಲು ಅತಿ ಸುಲಭ. ಎಲ್ಲ ಬಾಗಿಲಿಗೂ ಒಂದೇ ಕೀಲಿ ಇದ್ದರೆ, ಒಂದು ಕಳೆದಾಗ ಎಲ್ಲವೂ ಹೋಗುತ್ತದೆ. ಪರಸ್ಪರ ಸಂಬಂಧವಿಲ್ಲದ ನಾಲ್ಕು ಪದಗಳನ್ನು ಜೋಡಿಸಿದರೆ ಉದ್ದದ, ನೆನಪಿಡಬಹುದಾದ ಪಾಸ್‌ವರ್ಡ್ ಆಗುತ್ತದೆ.

ಒಟಿಪಿ ಎಂದರೆ ಒಂದೇ ಬಾರಿಗೆ, ಕೆಲವೇ ನಿಮಿಷಗಳ ಮಟ್ಟಿಗೆ ಬಳಸಬಹುದಾದ ಕೀಲಿ. ಅದು ನಿಮ್ಮ ಮೊಬೈಲಿಗೆ ಬರುವುದು ಒಂದೇ ಕಾರಣಕ್ಕೆ: ಬಾಗಿಲ ಬಳಿ ನಿಂತಿರುವವರು ನೀವೇ ಎಂದು ಖಚಿತಪಡಿಸಲು. ಹಾಗಾದರೆ ಅದನ್ನು ಫೋನಿನಲ್ಲಿ ಇನ್ನೊಬ್ಬ ಕೇಳುತ್ತಿದ್ದಾನೆ ಎಂದರೆ ಬಾಗಿಲ ಬಳಿ ನಿಂತಿರುವವನು ಅವನು. ಬ್ಯಾಂಕಿನವರಾಗಲಿ, ಗ್ಯಾಸ್ ಏಜೆನ್ಸಿಯ ಹೆಸರು ಹೇಳುವವರಾಗಲಿ, ಫೋನಿನಲ್ಲಿ ಒಟಿಪಿ ಕೇಳಿದರೆ ಕರೆಯನ್ನು ಅಲ್ಲಿಗೇ ಕತ್ತರಿಸಿ. ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸುವಾಗ ಒಟಿಪಿ ಹೇಳಬೇಕಾಗಿ ಬರುವುದುಂಟು. ಆಗ ಮೆಸೇಜನ್ನು ಪೂರ್ತಿ ಓದಿ. ಅದು ಯಾವ ಕೆಲಸಕ್ಕೆ ಬಂದ ಒಟಿಪಿ ಎಂದು ಅದರಲ್ಲೇ ಬರೆದಿರುತ್ತದೆ. ರೇಷನ್ ಕಾರ್ಡಿನ ಕೆಲಸಕ್ಕೆ ಹೋದವರಿಗೆ ಬ್ಯಾಂಕಿನಿಂದ ಒಟಿಪಿ ಬಂದರೆ ಎದ್ದು ಬರಬೇಕು.

ಯುಪಿಐ ಪಿನ್ ಎಂಬುದು ಹಣ ಹೊರಹೋಗುವ ಬಾಗಿಲಿನ ಕೀಲಿ. ಗೂಗಲ್ ಪೇ, ಫೋನ್ ಪೇಗಳೆಲ್ಲ ಬಳಸುವ ಯುಪಿಐ ವ್ಯವಸ್ಥೆ 2016ರಲ್ಲಿ ಆರಂಭವಾಯಿತು. ಅದರಲ್ಲಿ ಹಣ ಪಡೆಯಲು ಪಿನ್ ಬೇಕಾಗಿಯೇ ಇಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. "ನಿಮ್ಮ ಹಳೆ ಸೋಫಾಕ್ಕೆ ಹಣ ಕಳಿಸಿದ್ದೇನೆ, ಪಿನ್ ಒತ್ತಿ ಸ್ವೀಕರಿಸಿ" ಎಂದು ಯಾರಾದರೂ ಹೇಳಿದರೆ ಅವನು ಸುಳ್ಳು ಹೇಳುತ್ತಿದ್ದಾನೆ. ಇದರಲ್ಲಿ ಎರಡನೆಯ ಮಾತೇ ಇಲ್ಲ.

ವಾಟ್ಸಪ್‌ಗೂ ಆರು ಅಂಕೆಗಳ ಕೀಲಿಯಿದೆ. ಅದನ್ನು ಕೊಟ್ಟರೆ ನಿಮ್ಮ ಖಾತೆ ಇನ್ನೊಬ್ಬನ ಕೈಗೆ ಹೋಗುತ್ತದೆ. ಆತ ನಿಮ್ಮ ಹೆಸರಿನಲ್ಲಿ ನಿಮ್ಮ ಕುಟುಂಬದವರಿಗೆಲ್ಲ "ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಬೇಕು" ಎಂದು ಬರೆಯುತ್ತಾನೆ. ವಾಟ್ಸಪ್ ಸೆಟ್ಟಿಂಗ್ಸ್‌ನ ಅಕೌಂಟ್ ವಿಭಾಗದಲ್ಲಿ ಟು ಸ್ಟೆಪ್ ವೆರಿಫಿಕೇಷನ್ ಎಂಬುದಿದೆ. ಅದರಲ್ಲಿ ನಿಮಗೆ ಮಾತ್ರ ತಿಳಿದ ಇನ್ನೊಂದು ಪಿನ್ ಇಟ್ಟರೆ ಬಾಗಿಲಿಗೆ ಎರಡನೇ ಚಿಲಕ ಹಾಕಿದಂತೆ. ಲಿಂಕ್ಡ್ ಡಿವೈಸಸ್ ಎಂಬಲ್ಲಿ ನಿಮ್ಮ ವಾಟ್ಸಪ್ ಬೇರೆಲ್ಲಿ ತೆರೆದಿದೆ ಎಂಬ ಪಟ್ಟಿ ಕಾಣುತ್ತದೆ. ನಿಮಗೆ ಪರಿಚಯವಿಲ್ಲದ ಕಂಪ್ಯೂಟರ್ ಅಲ್ಲಿದ್ದರೆ ಅದನ್ನು ಒತ್ತಿ ಲಾಗ್ ಔಟ್ ಮಾಡಿ. ಹಣ ಕೇಳಿ ಬಂದ ಸಂದೇಶ ಆಪ್ತರದ್ದೇ ಆಗಿರಲಿ, ಅವರ ಹಳೆಯ ನಂಬರಿಗೆ ಕರೆ ಮಾಡಿ ಮಾತನಾಡದೆ ಹಣ ಕಳುಹಿಸಬೇಡಿ.

ಅಮಾನತನ್ನು ಅದರ ಹಕ್ಕುದಾರರಿಗೆ ತಲಪಿಸಬೇಕೆಂದು ಸೂರಃ ಅನ್ನಿಸಾದ 58ನೇ ಸೂಕ್ತದಲ್ಲಿ ಅಲ್ಲಾಹನು ಆದೇಶಿಸಿರುವುದನ್ನು ಖುತ್ಬಾಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಜಮಾಅತ್ ಖಾತೆಯ ಪಾಸ್‌ವರ್ಡ್, ಪೋರ್ಟಲಿನ ಲಾಗಿನ್ ಕೂಡಾ ಅಮಾನತೇ. ಅದನ್ನು ಕಚೇರಿಯ ಗೋಡೆಗೆ ಅಂಟಿಸುವುದು, ಕಮಿಟಿ ಬದಲಾದಾಗ ಹೊಸಬರಿಗೆ ಹಸ್ತಾಂತರಿಸದೆ ಇಟ್ಟುಕೊಳ್ಳುವುದು ಎರಡೂ ಸರಿಯಲ್ಲ.

ಅನುಮತಿ

ಪರ್ಮಿಷನ್ ಎಂಬ ಪದದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಹೊಸ ಆ್ಯಪ್ ಹಾಕಿದಾಗ "ಲೊಕೇಶನ್ ಬಳಸಲೇ? ಕಾಂಟ್ಯಾಕ್ಟ್ ನೋಡಲೇ? ಮೈಕ್ ಬಳಸಲೇ?" ಎಂದು ಅದು ಕೇಳುತ್ತದೆ. ನಾವು ಓದದೆ ಅಲೋ, ಅಲೋ ಎಂದು ಒತ್ತುತ್ತಾ ಹೋಗುತ್ತೇವೆ. ಇತರರ ಮನೆಗೆ ಅನುಮತಿಯಿಲ್ಲದೆ ಪ್ರವೇಶಿಸಬಾರದೆಂದು ಸೂರಃ ಅನ್ನೂರ್‌ನ 27ನೇ ಸೂಕ್ತ ಕಲಿಸುತ್ತದೆ. ಮೂರು ಬಾರಿ ಅನುಮತಿ ಕೇಳಿ ಸಿಗದಿದ್ದರೆ ಹಿಂದಿರುಗಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಅನುಮತಿಗೆ ಇಷ್ಟು ಬೆಲೆ ಕೊಟ್ಟ ಧರ್ಮದವರು ಅನುಮತಿ ಕೊಡುವಾಗ ಯಾರಿಗೆ ಕೊಡುತ್ತಿದ್ದೇವೆಂದು ನೋಡುವುದಿಲ್ಲ.

ಇದಕ್ಕೊಂದು ನೈಜ ಉದಾಹರಣೆಯಿದೆ. ನಮಾಝಿನ ಸಮಯ ಮತ್ತು ಕಿಬ್ಲಾದ ದಿಕ್ಕನ್ನು ತೋರಿಸುವ ಮುಸ್ಲಿಮ್ ಪ್ರೊ ಎಂಬ ಆ್ಯಪನ್ನು ಜಗತ್ತಿನಾದ್ಯಂತ ಕೋಟ್ಯಂತರ ಮುಸ್ಲಿಮರು ಬಳಸುತ್ತಿದ್ದರು. ಕಿಬ್ಲಾ ತೋರಿಸಬೇಕಾದರೆ ನಾವೆಲ್ಲಿದ್ದೇವೆ ಎಂಬುದು ಅದಕ್ಕೆ ತಿಳಿಯಬೇಕು, ಆದ್ದರಿಂದ ಲೊಕೇಶನ್ ಅನುಮತಿ ಕೇಳುವುದು ಸಹಜ. 2020ರ ನವೆಂಬರ್‌ನಲ್ಲಿ ಅಮೆರಿಕದ ಮದರ್‌ಬೋರ್ಡ್ ಎಂಬ ಪತ್ರಿಕೆ, ಈ ಆ್ಯಪಿನಿಂದ ಬಳಕೆದಾರರ ಸ್ಥಳದ ಮಾಹಿತಿ ಎಕ್ಸ್ ಮೋಡ್ ಎಂಬ ದತ್ತಾಂಶ ವ್ಯಾಪಾರಿ ಕಂಪೆನಿಗೆ ಹೋಗುತ್ತಿದೆಯೆಂದೂ, ಆ ಕಂಪೆನಿಯ ಗ್ರಾಹಕರಲ್ಲಿ ಅಮೆರಿಕದ ಸೇನೆಯ ಗುತ್ತಿಗೆದಾರರಿದ್ದಾರೆಂದೂ ವರದಿ ಮಾಡಿತು. ತಾನು ಸೇನೆಗೆ ಮಾಹಿತಿ ಮಾರಿಲ್ಲವೆಂದು ಆ್ಯಪಿನ ಕಂಪೆನಿ ಹೇಳಿತು, ಜೊತೆಗೆ ಎಕ್ಸ್ ಮೋಡ್ ಜೊತೆಗಿನ ಸಂಬಂಧ ಕಡಿದುಕೊಳ್ಳುವುದಾಗಿ ಪ್ರಕಟಿಸಿತು. 2024ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಜನರ ಸೂಕ್ಷ್ಮ ಸ್ಥಳಗಳ ಮಾಹಿತಿಯನ್ನು ಮಾರದಂತೆ ಎಕ್ಸ್ ಮೋಡ್‌ನ ಉತ್ತರಾಧಿಕಾರಿ ಕಂಪೆನಿಗೆ ನಿರ್ಬಂಧ ಹೇರಿತು. ಇಲ್ಲಿ ಯಾರೂ ಯಾರ ಮೊಬೈಲನ್ನೂ ಹ್ಯಾಕ್ ಮಾಡಿರಲಿಲ್ಲ. ಬಳಕೆದಾರರೇ ಅನುಮತಿಯ ಗುಂಡಿ ಒತ್ತಿದ್ದರು.

ಹಾಗೆಂದು ನಮಾಝ್ ಸಮಯದ ಆ್ಯಪ್‌ಗಳನ್ನೆಲ್ಲ ತೆಗೆದುಹಾಕಬೇಕೆಂದಲ್ಲ. ಆ್ಯಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ಎಂಬಲ್ಲಿಗೆ ಹೋಗಿ, ಆ ಆ್ಯಪಿನ ಪರ್ಮಿಷನ್ಸ್ ತೆರೆದರೆ ಲೊಕೇಶನ್‌ಗೆ ಬೇರೆ ಬೇರೆ ಆಯ್ಕೆಗಳಿವೆ. ಬಳಸುವಾಗ ಮಾತ್ರ ಎಂಬುದನ್ನು ಆರಿಸಿ. ಟಾರ್ಚ್ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಕೇಳಿದರೆ, ಟಾರ್ಚಿಗೆ ನಿಮ್ಮ ನೆಂಟರಿಷ್ಟರ ನಂಬರು ಯಾಕೆ ಎಂದು ಕೇಳಿಕೊಳ್ಳಿ.

ಆ್ಯಪನ್ನು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರಿನಿಂದಲೇ ಹಾಕಿಕೊಳ್ಳಬೇಕು. ಎಪಿಕೆ ಎಂಬುದು ಆ್ಯಂಡ್ರಾಯ್ಡ್ ಆ್ಯಪಿನ ಕಚ್ಚಾ ಕಟ್ಟು. ಹೆಸರಿನ ಕೊನೆಯಲ್ಲಿ ಡಾಟ್ ಎಪಿಕೆ ಎಂದಿರುತ್ತದೆ. ವಾಟ್ಸಪ್‌ನಲ್ಲಿ ಮದುವೆ ಆಮಂತ್ರಣ, ವಾಹನದ ದಂಡದ ನೋಟೀಸು ಎಂಬ ಹೆಸರಿನಲ್ಲಿ ಇಂತಹ ಫೈಲುಗಳು ಬರುತ್ತಿವೆ. ಆಮಂತ್ರಣ ಪತ್ರಿಕೆ ಚಿತ್ರವಾಗಿರುತ್ತದೆ ಅಥವಾ ಪಿಡಿಎಫ್ ಆಗಿರುತ್ತದೆ. ನಿಕಾಹ್‌ಗೆ ಕರೆಯಲು ಯಾರೂ ಆ್ಯಪ್ ಕಳುಹಿಸುವುದಿಲ್ಲ. ಅದನ್ನು ಹಾಕಿಕೊಂಡರೆ ನಿಮಗೆ ಬರುವ ಮೆಸೇಜುಗಳನ್ನು, ಒಟಿಪಿಯನ್ನೂ ಸೇರಿಸಿ, ಅದು ಬೇರೆಯವರಿಗೆ ತಲಪಿಸುತ್ತದೆ. ಒಟಿಪಿ ಯಾರಿಗೂ ಹೇಳದಿದ್ದರೂ ಹಣ ಹೋಯಿತು ಎನ್ನುವವರಲ್ಲಿ ಕೆಲವರ ಕಥೆ ಇದು.

ಗಲ್ಫ್‌ನಲ್ಲಿರುವ ಸಹೋದರರಿಗೆ ಸಂಬಂಧಿಸಿದ ಒಂದು ಪದ ವಿಪಿಎನ್. ಇದು ನೀವಿರುವ ಜಾಗವನ್ನು ಮರೆಸಿ ಬೇರೆ ದೇಶದಿಂದ ಬಂದಂತೆ ತೋರಿಸುವ ಮುಚ್ಚಿದ ಸುರಂಗ. ಕಂಪೆನಿಗಳು ತಮ್ಮ ಕೆಲಸಕ್ಕೆ ಇದನ್ನು ಬಳಸುತ್ತವೆ. ಆದರೆ ಯುಎಇಯಲ್ಲಿ ಅಪರಾಧ ಎಸಗಲು ಅಥವಾ ಅಪರಾಧವನ್ನು ಮುಚ್ಚಿಡಲು ಹೀಗೆ ವಿಳಾಸ ಮರೆಸಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ಮನೆಗೆ ಕರೆ ಮಾಡಲು ಅಲ್ಲಿನ ಸರಕಾರದ ಪರವಾನಿಗೆ ಇರುವ ಆ್ಯಪ್‌ಗಳನ್ನೇ ಬಳಸುವುದು ಕ್ಷೇಮ. ಇನ್ನೊಂದು ಮಾತು, ಉಚಿತ ವಿಪಿಎನ್ ಕೊಡುವವನು ನಿಮ್ಮ ಎಲ್ಲ ಓಡಾಟವನ್ನೂ ತನ್ನ ಅಂಗಳದ ಮೂಲಕವೇ ಹಾಯಿಸುತ್ತಾನೆ.

ಫಾರ್ವರ್ಡ್

ಫಾರ್ವರ್ಡ್ ಎಂದರೆ ಬಂದದ್ದನ್ನು ಹಾಗೆಯೇ ಮುಂದಕ್ಕೆ ದಾಟಿಸುವುದು. ವಾಟ್ಸಪ್ ಸಂದೇಶದ ಮೇಲೆ ಒಂದು ಬಾಣ ಇದ್ದರೆ ಕಳುಹಿಸಿದವರು ಅದನ್ನು ಸ್ವತಃ ಬರೆದಿಲ್ಲ ಎಂದರ್ಥ. ಎರಡು ಬಾಣಗಳಿದ್ದರೆ, ಅದು ಮೂಲದಿಂದ ಕನಿಷ್ಠ ಐದು ಕೈ ದಾಟಿ ಬಂದಿದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟ ಅಪರಿಚಿತರನ್ನು ಮಕ್ಕಳ ಕಳ್ಳರೆಂದು ಶಂಕಿಸಿ, ಆ ಸುದ್ದಿ ವಾಟ್ಸಪ್‌ನಲ್ಲಿ ಹರಡಿ, ಗುಂಪೊಂದು ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತರಲು ನಿರ್ಧರಿಸಿತು. 2020ರ ಎಪ್ರಿಲ್‌ನಿಂದ ಎರಡು ಬಾಣದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದು.

ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮುನ್ನ ಅದು ಯಾರಿಂದ ಯಾರಿಗೆ ಬಂತು ಎಂಬ ಸನದನ್ನು ಕೇಳುತ್ತಿದ್ದರು. ಸರಣಿಯಲ್ಲಿ ಒಬ್ಬನ ಹೆಸರು ಬಿಟ್ಟುಹೋದರೂ ಆ ವರದಿ ದುರ್ಬಲವಾಗುತ್ತಿತ್ತು. ಎರಡು ಬಾಣದ ಸಂದೇಶದಲ್ಲಿ ಐದಾರು ಜನರ ಹೆಸರು ಬಿಟ್ಟುಹೋಗಿದೆ. ಸುದ್ದಿ ತಂದವನ ಮಾತನ್ನು ಪರಿಶೀಲಿಸಬೇಕೆಂಬ ಸೂರಃ ಅಲ್ ಹುಜುರಾತ್‌ನ 6ನೇ ಸೂಕ್ತದ ಆದೇಶ ಇಲ್ಲಿಗೂ ಅನ್ವಯ. ಇದನ್ನು ಹದಿನೈದು ಜನರಿಗೆ ಕಳುಹಿಸಿದರೆ ಶುಭವಾರ್ತೆ ಬರುತ್ತದೆ, ಕಳುಹಿಸದಿದ್ದರೆ ಕೇಡಾಗುತ್ತದೆ ಎಂಬ ಸಂದೇಶಗಳಂತೂ ಧರ್ಮದ ಹೆಸರಿನಲ್ಲೇ ಬರುತ್ತವೆ. ಅದರಲ್ಲಿ ಹದೀಸ್ ಎಂದು ಬರೆದಿದ್ದರೆ ನಿಮ್ಮ ಮಸೀದಿಯ ಉಸ್ತಾದರಿಗೆ ತೋರಿಸಿ ಕೇಳಿ.

ಇದೇ ಸಾಲಿನಲ್ಲಿ ಅಲ್ಗಾರಿದಮ್ ಎಂಬ ಪದವನ್ನೂ ಹೇಳಬೇಕು. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನ ಬೈತುಲ್ ಹಿಕ್ಮಾದಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಝ್ಮಿಯವರ ಹೆಸರನ್ನು ಲ್ಯಾಟಿನ್‌ನಲ್ಲಿ ಬರೆದಾಗ ಹುಟ್ಟಿದ ಪದ ಅದು. ಹಂತ ಹಂತವಾಗಿ ಲೆಕ್ಕ ಮಾಡುವ ವಿಧಾನ ಎಂದರ್ಥ. ಯೂಟ್ಯೂಬ್‌ನಲ್ಲಿ ನೀವು ಒಂದು ವೀಡಿಯೋ ನೋಡಿದರೆ ಮುಂದೆ ಯಾವುದನ್ನು ತೋರಿಸಬೇಕೆಂದು ನಿರ್ಧರಿಸುವುದು ಇಂತಹ ಲೆಕ್ಕ. ಅದು ಸತ್ಯವನ್ನು ಹುಡುಕುವುದಿಲ್ಲ, ನೀವು ಯಾವುದನ್ನು ಹೆಚ್ಚು ಹೊತ್ತು ನೋಡುತ್ತೀರಿ ಎಂಬುದನ್ನು ಹುಡುಕುತ್ತದೆ. ನಮ್ಮ ಸಭೆಗಳಲ್ಲಿ ಅಲ್ ಖ್ವಾರಿಝ್ಮಿಯವರ ಬಗ್ಗೆ ಹೆಮ್ಮೆಯಿಂದ ಭಾಷಣ ಕೇಳುತ್ತೇವೆ, ಅವರ ಹೆಸರಿನ ಲೆಕ್ಕ ಮನೆಯ ಮಗುವಿಗೆ ರಾತ್ರಿ ಹನ್ನೊಂದು ಗಂಟೆಗೆ ಏನು ತೋರಿಸುತ್ತಿದೆ ಎಂದು ನೋಡುವುದಿಲ್ಲ.

ಹಣ ಹೋದರೆ

ಡಿಜಿಟಲ್ ಅರೆಸ್ಟ್ ಎಂಬ ಪದವೂ ಈಗ ಕಿವಿಗೆ ಬೀಳುತ್ತಿದೆ. ಪೊಲೀಸ್ ಸಮವಸ್ತ್ರ ಧರಿಸಿದವನೊಬ್ಬ ವೀಡಿಯೋ ಕರೆಯಲ್ಲಿ ಬಂದು, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ಕರೆ ಕಡಿತಗೊಳಿಸಿದರೆ ಬಂಧಿಸುತ್ತೇವೆ ಎಂದು ಹೆದರಿಸುತ್ತಾನೆ. ಪೊಲೀಸ್ ಎಂಬ ಪದ ಕೇಳಿದರೇ ನಮ್ಮ ಹಿರಿಯರ ಕೈಕಾಲು ತಣ್ಣಗಾಗುತ್ತದೆ, ವಂಚಕನಿಗೆ ಬೇಕಾಗಿರುವುದೂ ಅದೇ. ಭಾರತದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದು ಇಲ್ಲವೇ ಇಲ್ಲ. 2024ರ ಅಕ್ಟೋಬರ್ 27ರ ರೇಡಿಯೋ ಭಾಷಣದಲ್ಲಿ ಪ್ರಧಾನಿಯವರೂ ಇದನ್ನು ಸ್ಪಷ್ಟಪಡಿಸಿದ್ದಾರೆ. ಕರೆ ಕತ್ತರಿಸಿ, ಮಕ್ಕಳಿಗೋ ಕಮಿಟಿಯವರಿಗೋ ಹೇಳಿ.

ಹಣ ಹೋದದ್ದು ಗೊತ್ತಾದ ಕ್ಷಣವೇ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬೇಕು. ಅಥವಾ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಬೇಕು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಜಿಗಿಯುತ್ತಾ ಹೋಗುತ್ತದೆ. ಬೇಗ ತಿಳಿಸಿದರೆ ಅದು ನಿಂತಿರುವ ಖಾತೆಯಲ್ಲೇ ತಡೆಹಿಡಿಯುವ ಅವಕಾಶವಿದೆ. ದೂರು ಕೊಡುವಾಗ ಯುಟಿಆರ್ ಎಂಬ ಸಂಖ್ಯೆ ಕೇಳುತ್ತಾರೆ. ಯುಪಿಐ ವ್ಯವಹಾರದಲ್ಲಿ ಅದು 12 ಅಂಕೆಗಳದ್ದು, ಹಣ ಹೋದ ವಿವರವನ್ನು ಒತ್ತಿದರೆ ಆ್ಯಪಿನಲ್ಲೇ ಕಾಣುತ್ತದೆ. ಸ್ಕ್ರೀನ್‌ಶಾಟ್, ಅಂದರೆ ಪರದೆಯ ಫೋಟೋ ತೆಗೆದಿಡಿ. ವಂಚಕನೊಂದಿಗಿನ ಚಾಟನ್ನು ನಾಚಿಕೆಯಿಂದ ಅಳಿಸಬೇಡಿ, ಅದೇ ಸಾಕ್ಷಿ. ಮನೆಯವರು ಬೈಯುತ್ತಾರೆಂದು ಮೂರು ದಿನ ಬಾಯಿ ಮುಚ್ಚಿ ಕೂರುವ ಉಮ್ಮಂದಿರಿದ್ದಾರೆ. ಆ ಮೂರು ದಿನದಲ್ಲಿ ಹಣ ಎಲ್ಲಿಗೋ ತಲಪಿರುತ್ತದೆ. ಬೈಗುಳವನ್ನು ಮನೆಯವರು ಆಮೇಲೆ ಇಟ್ಟುಕೊಳ್ಳಲಿ, ಮೊದಲು ಕರೆ.

ಮೊಬೈಲೇ ಕಳೆದುಹೋದರೆ ಪೊಲೀಸ್ ದೂರಿನ ಜೊತೆಗೆ ಸಂಚಾರ್ ಸಾಥಿ ಎಂಬ ಸರಕಾರಿ ತಾಣದಲ್ಲಿ ಆ ಮೊಬೈಲನ್ನು ಬ್ಲಾಕ್ ಮಾಡಿಸಬಹುದು. ಅದಕ್ಕೆ ಮೊಬೈಲಿನ 15 ಅಂಕೆಗಳ ಐಎಂಇಐ ಸಂಖ್ಯೆ ಬೇಕು. ಇದನ್ನು ಓದುತ್ತಿರುವಾಗಲೇ ಸ್ಟಾರ್, ಹ್ಯಾಶ್, 06, ಹ್ಯಾಶ್ ಎಂದು ಡಯಲ್ ಮಾಡಿದರೆ ಆ ಸಂಖ್ಯೆ ಪರದೆಯಲ್ಲಿ ಬರುತ್ತದೆ. ಅದನ್ನು ಮೊಬೈಲಿನಲ್ಲಲ್ಲ, ಕಾಗದದಲ್ಲಿ ಬರೆದು, ಜೊತೆಗೆ 1930 ಎಂದೂ ಬರೆದು, ಮನೆಯ ಕ್ಯಾಲೆಂಡರಿನ ಹಿಂಬದಿಗೆ ಅಂಟಿಸಿಡಿ.